ಕನ್ನಡಕ್ಕೆ ನಾಲ್ಕು ಗೆರೆ

ನನ್ನ ಮೊದಲ ಕಾಮಿಕ್ಸ್ ಪುಸ್ತಕ 24 ಪುಟದ್ದು. ಚಿತ್ರ ಬಿಡಿಸೋಕೆ ನಾಲ್ಕು ತಿಂಗಳು ಹಿಡಿಯಿತು. ಅದರೊಳಗೆ ಅಕ್ಷರ ಕೂರಿಸೋಕೆ ಏಳು ತಿಂಗಳು. ಕಾಮಿಕ್ಸ್ ಮಾಡಬೇಕು ಅಂತ ಆಸೆ ಇಟ್ಟುಕೊಂಡಿರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಯಾವ ಪೆನ್ನು, ಯಾವ ಟ್ಯಾಬ್ಲೆಟ್ ಅಂತ ಕೇಳುತ್ತಾರೆ. ಅಕ್ಷರದ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ತಿಪಟೂರಿನಲ್ಲಿ. ಅಪ್ಪ ಬೋರ್ಡ್ ಬರೆಯುತ್ತಿದ್ದರು. ಅಂಗಡಿ ಬೋರ್ಡು, ಲಾರಿಯ ಹಿಂದಿನ ಅಕ್ಷರ, ಶಾಲೆ ಗೋಡೆಯ ಮೇಲಿನ ನುಡಿಮುತ್ತು, ಚುನಾವಣೆ ಬಂತೆಂದರೆ ಊರೂರಿನ ಗೋಡೆ. ಎನಾಮಲ್ ಪೇಂಟಿನ ವಾಸನೆ ನನಗೆ ಇವತ್ತಿಗೂ ಅಪ್ಪನ ಅಂಗಿಯ ವಾಸನೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗುತ್ತಾ ಹೋಯಿತು. ಆದರೂ ಅಟ್ಟದ ಮೂಲೆಯಲ್ಲಿ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆ ಸುತ್ತಿ ಇಟ್ಟಿದ್ದಾರೆ. ನಾನು ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಚಿತ್ರಕಲೆ ಓದಿ, ಬೆಂಗಳೂರಿಗೆ ಬಂದು, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸಕ್ಕೆ ಬಿದ್ದೆ. ಅಪ್ಪನದು ಅಕ್ಷರ, ನನ್ನದು ಚಿತ್ರ, ಎರಡೂ ಬೇರೆ ಬೇರೆ ಅಂತಲೇ ಅಂದುಕೊಂಡಿದ್ದೆ.

ಹಾಗಂದುಕೊಳ್ಳೋಕೆ ಕಾರಣವೂ ಇತ್ತು. ಮನೆಯಲ್ಲಿ ಹಳೇ ಚಂದಮಾಮಗಳ ಒಂದು ಕಟ್ಟು ಇತ್ತು. ಕನ್ನಡದಲ್ಲಿ ಚಂದಮಾಮ 1949ರಿಂದ ಬರುತ್ತಿತ್ತು. ಅದರಲ್ಲಿ ಶಂಕರ್ ಅವರು ಬಿಡಿಸಿದ ವಿಕ್ರಮ ರಾಜ, ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ. ಅದನ್ನು ನೋಡಿ ನೋಡಿಯೇ ನಾನು ಬಟ್ಟೆಯ ಮಡಿಕೆ ಬಿಡಿಸೋದು ಕಲಿತೆ. ಆದರೆ ಅಲ್ಲಿ ಅಕ್ಷರ ಚಿತ್ರದ ಹೊರಗೇ ಇರುತ್ತಿತ್ತು. ಪಕ್ಕದಲ್ಲಿ ಕತೆ, ಇತ್ತ ಚಿತ್ರ. ಆಮೇಲೆ ಅಮರ ಚಿತ್ರ ಕಥೆ ಕೈಗೆ ಬಂತು. 1967ರಲ್ಲಿ ಅದನ್ನು ಶುರು ಮಾಡಿದ ಅನಂತ ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ ಅಂತ ಗೊತ್ತಾದ ದಿನ ಎಷ್ಟು ಹೆಮ್ಮೆ ಪಟ್ಟಿದ್ದೆ! ರಾಮ್ ವಾಯೀರ್‌ಕರ್, ಪ್ರತಾಪ್ ಮುಳಿಕ್ ಅವರ ಚಿತ್ರಗಳನ್ನು ಗಾಜಿನ ಕಿಟಕಿಗೆ ಒತ್ತಿ ಹಿಡಿದು ಎಷ್ಟು ಸಲ ಟ್ರೇಸ್ ಮಾಡಿದ್ದೀನೋ. ಅಲ್ಲಿ ಮಾತು ಚಿತ್ರದ ಒಳಗೆ ಬಂತು. ಆದರೆ ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಎಷ್ಟೋ ಕಾಮಿಕ್ಸ್‌ಗಳಲ್ಲಿ, ಯಾವುದು ಅಂತ ಹೆಸರು ಬೇಡ, ಇಂಗ್ಲಿಷಿಗೆ ಅಂತ ಬಿಡಿಸಿದ ಬಲೂನಿನೊಳಗೆ, ಅಂದರೆ ಪಾತ್ರದ ಮಾತು ಬರೆಯುವ ಗುಳ್ಳೆಯೊಳಗೆ, ಕನ್ನಡವನ್ನು ತುರುಕಿದ್ದರು. ಅಕ್ಷರ ಇರುವೆ ಸಾಲಿನಷ್ಟು ಸಣ್ಣ. ಒತ್ತಕ್ಷರ ಯಾವುದು, ಗೆರೆ ಯಾವುದು ಗೊತ್ತಾಗುತ್ತಿರಲಿಲ್ಲ. ಓದೋಕೆ ಕಷ್ಟಪಟ್ಟು, ಕೊನೆಗೆ ಬರೀ ಚಿತ್ರ ನೋಡಿ ಪುಟ ತಿರುವುತ್ತಿದ್ದೆ.

ನಮ್ಮಲ್ಲಿ ವ್ಯಂಗ್ಯಚಿತ್ರಕ್ಕೆ ಗಟ್ಟಿಯಾದ ಪರಂಪರೆ ಇದೆ. 1942ರಲ್ಲಿ ರಾಶಿ ಅವರು ಕೊರವಂಜಿ ಅನ್ನುವ ಹಾಸ್ಯ ಪತ್ರಿಕೆ ಶುರು ಮಾಡಿದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಬೆಂಗಳೂರಿನ ಎಂ.ಜಿ. ರಸ್ತೆ ಹತ್ತಿರ, ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ, ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ನಾನು ಅಲ್ಲಿಗೆ ಹೋದಾಗಲೆಲ್ಲ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡುತ್ತೇನೆ. ಗೆರೆ ಎಲ್ಲಿ ಶುರುವಾಗಿ ಎಲ್ಲಿ ದಪ್ಪ ಆಯಿತು, ಕೈ ಎಲ್ಲಿ ತಡೆಯಿತು ಅಂತ. ಆದರೆ ವ್ಯಂಗ್ಯಚಿತ್ರದಲ್ಲಿ ಮಾತು ಒಂದೋ ಎರಡೋ ಸಾಲು. ಚಿತ್ರದ ಕೆಳಗೆ ಬರೆದರೂ ನಡೆಯುತ್ತದೆ. ಕತೆ ಹೇಳುವ ಕಾಮಿಕ್ಸಿಗೆ ಹಾಗಲ್ಲ. ನನ್ನ 24 ಪುಟದಲ್ಲಿ 130ಕ್ಕೂ ಜಾಸ್ತಿ ಬಲೂನುಗಳಿವೆ.

ಕತೆ ನಮ್ಮೂರಿನದೇ. ತಿಪಟೂರು ಕಡೆ ಹಳೇ ಮನೆಗಳಲ್ಲಿ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕುತ್ತಾರೆ. ಹೆಚ್ಚು ಕಡಿಮೆ ಒಂದು ವರ್ಷ ಅಲ್ಲೇ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ಕಾಯಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಗುಂಡಗೆ ಕೊಬ್ಬರಿ ಗಿಟಕು ಆಗುತ್ತದೆ. ರಾತ್ರಿ ಇಲಿ ಬಂದು ಕಾಯಿ ಉರುಳಿಸಿದರೆ ಕೆಳಗೆ ಮಲಗಿದವರಿಗೆ ಎದೆ ಝಲ್ ಅನ್ನುತ್ತದೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ, ಅಜ್ಜಿ, ಅಟ್ಟ, ಒಂದು ರಾತ್ರಿ. ಅಷ್ಟೇ ಕತೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ಹಾಗೇ. ಎಂಟು ಪುಟ ಚಿತ್ರ ಮುಗಿಸಿದೆ. ಇಂಕ್ ಮಾಡಿದೆ. ಆಮೇಲೆ ಮಾತು ಹಾಕೋಕೆ ಕೂತೆ. ಮೂರನೇ ಪುಟದಲ್ಲಿ ಅಜ್ಜಿ ಲಾಟೀನು ಎತ್ತಿ ಹಿಡಿದು ಮೊಮ್ಮಗನ ಕಡೆ ಬಗ್ಗಿದ್ದಾಳೆ. ಮುಖದ ಸುಕ್ಕಿಗೆ ಅಂತಲೇ ಎರಡು ದಿನ ಕೊಟ್ಟಿದ್ದೆ. ಅವಳ ಮಾತು ಇದು: 'ದೆವ್ವನೂ ಇಲ್ಲ ಏನೂ ಇಲ್ಲ ಕಣೋ ಮಗ. ಇಲಿ ಗಿಟಕು ಉರುಳಿಸ್ತಾ ಅದೆ. ಮಲಿಕ್ಕೊ.' ನಾನು ಬಿಟ್ಟಿದ್ದ ಜಾಗಕ್ಕೆ ಇದರಲ್ಲಿ ಅರ್ಧವೂ ಹಿಡಿಯಲಿಲ್ಲ. ಅಕ್ಷರ ಸಣ್ಣ ಮಾಡಿದೆ, ಓದೋಕೆ ಆಗಲಿಲ್ಲ. ಬಲೂನು ದೊಡ್ಡದು ಮಾಡಿದೆ, ಅಜ್ಜಿಯ ಹಣೆ, ಒಂದು ಕಣ್ಣು ಮುಚ್ಚಿಹೋಯಿತು. ಮಾತು ಕಡಿಮೆ ಮಾಡಿ 'ಇಲಿ ಕಣೋ' ಅಂತಷ್ಟೇ ಬರೆದೆ. ಆಗ ಅದು ಅಜ್ಜಿಯೇ ಅಲ್ಲ. ನಮ್ಮ ಕಡೆ ಅಜ್ಜಿಯರು ಎರಡು ಪದದಲ್ಲಿ ಸಮಾಧಾನ ಹೇಳುವುದಿಲ್ಲ.

ಆ ಎಂಟು ಹಾಳೆಗಳನ್ನು ಊರಿಗೆ ತೆಗೆದುಕೊಂಡು ಹೋದೆ. ಅಪ್ಪ ಬಹಳ ಹೊತ್ತು ನೋಡಿದರು. ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಪೆನ್ಸಿಲ್, ಸ್ಕೇಲ್ ತಂದು, ಹಾಳೆಯ ಹಿಂಬದಿಯಲ್ಲಿ ಎರಡು ಗೆರೆ ಎಳೆದರು. 'ಇಂಗ್ಲಿಷಿನ ದೊಡ್ಡಕ್ಷರಕ್ಕೆ ಇಷ್ಟು ಸಾಕು ಪುಟ್ಟಿ' ಅಂದರು. ಆಮೇಲೆ ಮೇಲೊಂದು, ಕೆಳಗೊಂದು ಎಳೆದರು. 'ಕನ್ನಡಕ್ಕೆ ನಾಲ್ಕು ಬೇಕು. ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ. ನೀನು ಎರಡು ಗೆರೆ ಜಾಗ ಬಿಟ್ಟು ನಾಲ್ಕು ಗೆರೆ ಅಕ್ಷರ ಬರೀತೀನಿ ಅಂದ್ರೆ ಹೆಂಗೆ?'

ಬೋರ್ಡ್ ಬರೆಯುವಾಗ ಅಪ್ಪ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡೂ ಕಡೆ ಎಳೆದು ಹಿಡಿಸಿ, ಮಧ್ಯದಲ್ಲಿ ಎತ್ತಿ ಟಪ್ ಅಂತ ಬಿಡುತ್ತಿದ್ದರು. ನಾಲ್ಕು ಸಲ. ದಾರದ ಒಂದು ತುದಿ ಹಿಡಿದುಕೊಳ್ಳುತ್ತಿದ್ದವಳು ನಾನೇ. ನಾಲ್ಕು ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಬೆಂಗಳೂರಿಗೆ ಬಂದು ಕೆಲಸದ ಕ್ರಮವನ್ನೇ ತಿರುಗಿಸಿದೆ. ಮೊದಲು ಮಾತು, ಆಮೇಲೆ ಚಿತ್ರ. ನಾನು ಚಿತ್ರ ಬರೆಯೋದು ಎ3 ಅಳತೆಯ ದಪ್ಪ ಹಾಳೆಯಲ್ಲಿ. ಪುಸ್ತಕ ಎ5. ಅಂದರೆ ಎಲ್ಲವೂ ಅರ್ಧಕ್ಕೆ ಇಳಿಯುತ್ತದೆ. ಮೂಲ ಹಾಳೆಯಲ್ಲಿ ಅಕ್ಷರದ ಮೈ 6 ಮಿಲಿಮೀಟರ್ ಇಟ್ಟುಕೊಂಡೆ. ಮೇಲೆ ಗುಡಿಸು, ಏತ್ವಗಳಿಗೆ 3, ಕೆಳಗೆ ಒತ್ತಿಗೆ 5. ಒಂದು ಸಾಲಿಗೆ ಒಟ್ಟು 14. ಮೂರು ಸಾಲು ಮಾತಾದರೆ 42 ಮಿಲಿಮೀಟರ್, ಸುತ್ತ ಉಸಿರಾಡೋಕೆ ಜಾಗ ಬೇರೆ. ಇದನ್ನು ಲೆಕ್ಕ ಹಾಕಿದ ಮೇಲೆ ನನ್ನ ಹಳೇ ಪುಟಗಳು ಯಾಕೆ ಕೆಟ್ಟವು ಅಂತ ತಾನಾಗಿಯೇ ಗೊತ್ತಾಯಿತು.

ಪ್ರತಿಯೊಂದು ಮಾತನ್ನೂ ಇದೇ ಅಳತೆಯಲ್ಲಿ ಚೀಟಿ ಮೇಲೆ ಬರೆದು, ಕತ್ತರಿಸಿ, ಖಾಲಿ ಪುಟದ ಮೇಲೆ ಹರಡುತ್ತೇನೆ. ಚೀಟಿಗಳನ್ನು ಆಚೆ ಈಚೆ ಸರಿಸುತ್ತೇನೆ. ಯಾವ ಚೌಕದಲ್ಲಿ ಮಾತು ಜಾಸ್ತಿ, ಯಾವುದರಲ್ಲಿ ಮೌನ, ಕಣ್ಣು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಚೀಟಿ ನಿಂತ ಜಾಗ ಬಿಟ್ಟು ಉಳಿದದ್ದು ಚಿತ್ರಕ್ಕೆ. ಶುರುವಿನಲ್ಲಿ ಇದು ಚಿತ್ರಕ್ಕೆ ಮಾಡುವ ಅನ್ಯಾಯ ಅನ್ನಿಸಿತು. ಆದರೆ ಅಜ್ಜಿಯ ಮೂರು ಸಾಲಿನ ಮಾತನ್ನು ಮೇಲೆ ಕೂರಿಸಿದ್ದರಿಂದಲೇ ಅಜ್ಜಿ ಚೌಕದಲ್ಲಿ ಕೆಳಗೆ ಇಳಿದಳು, ಮೊಮ್ಮಗನ ಹಾಸಿಗೆ ಪಕ್ಕ ಕೂತಳು. ನಿಂತು ಬಗ್ಗಿದ ಅಜ್ಜಿಗಿಂತ ಕೂತ ಅಜ್ಜಿ ಎಷ್ಟೋ ಹತ್ತಿರದವಳಾದಳು.

ಬಲೂನಿನ ಆಕಾರವೂ ಬದಲಾಯಿತು. ನಮ್ಮ ಪದಗಳು ಉದ್ದ. 'ಹೆದ್ರುಕೊಂಡುಬಿಟ್ಟಿದ್ದೆ' ಅನ್ನೋದು ಒಂದೇ ಪದ. ಅದನ್ನು ಮಧ್ಯಕ್ಕೆ ಮುರಿದರೆ ಓದುವವರು ಎಡವುತ್ತಾರೆ. ಹಾಗಾಗಿ ದುಂಡನೆಯ ಬಲೂನು ಬಿಟ್ಟೆ. ಅಗಲವಾಗಿ, ಹಲಸಿನ ಬೀಜದ ಹಾಗೆ ಬಿಡಿಸುತ್ತೇನೆ. ಇನ್ನೊಂದು ತೊಂದರೆ, ಮೇಲಿನ ಸಾಲಿನ 'ಟ್ಟ'ದ ಒತ್ತು ಕೆಳಗಿನ ಸಾಲಿನ 'ಕಿ'ಯ ಗುಡಿಸಿನ ನೆತ್ತಿಗೇ ಬಂದು ಕೂರುವುದು. ಆಗ ಸಾಲು ಮುರಿಯುವ ಜಾಗವನ್ನು ಒಂದು ಪದ ಆಚೆ ಈಚೆ ಮಾಡಿದರೆ ಸಾಕು, ಎರಡೂ ಬಿಡಿಸಿಕೊಳ್ಳುತ್ತವೆ. 'ಸ್ತ್ರೀ', 'ರಾಷ್ಟ್ರ' ಥರದ ಎರಡೆರಡು ಒತ್ತಿನ ಪದಗಳು ಅರ್ಧಕ್ಕೆ ಇಳಿದಾಗ ಮಸಿ ಮುದ್ದೆ ಆಗುತ್ತವೆ. ಅದೃಷ್ಟಕ್ಕೆ ಅಜ್ಜಿ ಮೊಮ್ಮಗ ಅಂಥ ಪದ ಆಡುವುದೇ ಇಲ್ಲ.

ಇನ್ನೊಂದು ವಿಷಯ ಕಲಿಯೋಕೆ ನನಗೆ ತುಂಬಾ ದಿನ ಬೇಕಾಯಿತು. ಕನ್ನಡದಲ್ಲಿ ಮಾತಿನ ಜೀವ ಕೊನೆಯಲ್ಲಿರುತ್ತದೆ. 'ನಾನು ಅಟ್ಟ ಹತ್ತ...' ಅನ್ನುವವರೆಗೆ ಹುಡುಗ ಹತ್ತುತ್ತಾನೋ ಇಲ್ಲವೋ ಗೊತ್ತಿಲ್ಲ. '...ಲ್ಲ' ಬಂದಾಗಲೇ ಗೊತ್ತಾಗೋದು. ಅಂದರೆ ಹುಡುಗನ ಮುಖ ನೋಡುವ ಹೊತ್ತಿಗೆ ಓದುವವರು ಆ ಕೊನೆಯ ಅಕ್ಷರ ಮುಟ್ಟಿರಬೇಕು. ಮುಖ ಎಡಕ್ಕಿದ್ದು ಮಾತು ಬಲಕ್ಕಿದ್ದರೆ, ಹೆದರಿದ ಮುಖ ಮೊದಲೇ ಕಂಡು ಮಾತು ಸಪ್ಪೆಯಾಗುತ್ತದೆ. ಈಗ ಗಟ್ಟಿ ಮಾತಿದ್ದರೆ ಎರಡು ಬಲೂನು ಮಾಡಿ ಜೋಡಿಸುತ್ತೇನೆ. ಮೊದಲನೆಯದರಲ್ಲಿ 'ನಾನು ಅಟ್ಟ', ಸ್ವಲ್ಪ ಕೆಳಗೆ, ಬಲಕ್ಕೆ, 'ಹತ್ತಲ್ಲ!' ಅದರ ಪಕ್ಕದಲ್ಲೇ ಮುಖ.

ಒತ್ತಿ ಹೇಳೋಕೆ ಇಂಗ್ಲಿಷಿನವರು ಅಕ್ಷರ ದಪ್ಪ ಮಾಡುತ್ತಾರೆ, ಓರೆ ಮಾಡುತ್ತಾರೆ. ಕನ್ನಡದ ಅಕ್ಷರವನ್ನು ಓರೆ ಮಾಡಿದರೆ ನನ್ನ ಕಣ್ಣಿಗೆ ಅದು ಬೀಳುತ್ತಿರುವ ಹಾಗೆ ಕಾಣುತ್ತದೆ. ನಮಗೆ ಅದು ಬೇಕಾಗಿಯೂ ಇಲ್ಲ. ನಮ್ಮಲ್ಲಿ ಎಳೆಯುವ ಸ್ವರ ಇದೆ. ಹನ್ನೊಂದನೇ ಪುಟದಲ್ಲಿ ಹುಡುಗ ಏಣಿಯ ತುದಿಯಲ್ಲಿ ನಿಂತು 'ಅಜ್ಜೀ' ಅಂತ ಕೂಗುತ್ತಾನೆ. ಮೊದಲು 'ಅಜ್ಜೀಈಈಈ' ಅಂತ ಬರೆದೆ. ಸರಿ ಅನ್ನಿಸಲಿಲ್ಲ. ಆಮೇಲೆ ಆ ದೀರ್ಘದ ಬಾಲವನ್ನೇ ಹಿಡಿದು ಎಳೆದೆ. ಅದು ಬಲೂನಿನಿಂದ ಹೊರಗೆ ಬಂದು, ಏಣಿಯ ಒಂದೊಂದೇ ಮೆಟ್ಟಿಲು ಸುತ್ತಿಕೊಂಡು, ಕೆಳಗೆ ಹೊದ್ದು ಮಲಗಿದ ಅಜ್ಜಿಯ ಕಿವಿಯ ಹತ್ತಿರ ಹೋಗಿ ನಿಲ್ಲುತ್ತದೆ. ಇಡೀ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಚೌಕ ಅದು. ಫಾಂಟ್ ಬಳಸಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಸದ್ದಿನ ವಿಷಯಕ್ಕೆ ಬರುತ್ತೇನೆ. ಹೈಸ್ಕೂಲಿನ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿದ್ದೆವಲ್ಲ, ದಬದಬ, ಪಟಪಟ, ಸರಸರ, ಜುಳುಜುಳು, ಕೊತಕೊತ. ಕಾಮಿಕ್ಸ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಆಸ್ತಿ ಇನ್ನೊಂದಿಲ್ಲ. ಇಷ್ಟೆಲ್ಲ ಇಟ್ಟುಕೊಂಡು 'ಬ್ಯಾಂಗ್', 'ಕ್ರ್ಯಾಶ್' ಅಂತ ಬರೆಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಕಿವಿಗೆ ಬಾಗಿಲು ಧಡಾರ್ ಅಂತಲೇ ಬೀಳೋದು.

ನನಗೆ ಎರಡು ಸದ್ದು ಬೇಕಿತ್ತು. ಒಂದು, ಅಟ್ಟದ ಹಲಗೆ ಮೇಲೆ ಕಾಯಿ ಉರುಳುವ ಸದ್ದು. ಎರಡು, ಗಿಟಕಾದ ಕಾಯನ್ನು ಅಜ್ಜಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಬರುವ ಸದ್ದು. ಮೊದಲನೆಯದು ಸುಲಭವಾಗಿ ಸಿಕ್ಕಿತು: ದುಡು ದುಡು ದುಡು. ದೂರ ಹೋದಂತೆ ಅಕ್ಷರ ಸಣ್ಣದಾಗುತ್ತದೆ. ಎರಡನೆಯದಕ್ಕೆ ಊರಿಗೇ ಹೋದೆ. ಹಸಿ ಕಾಯಿ ಅಲ್ಲಾಡಿಸಿದರೆ ನೀರು ಗುಳುಗುಳು ಅನ್ನುತ್ತದೆ, ಇದು ಎಲ್ಲರಿಗೂ ಒಂದೇ. ಗಿಟಕಿನ ಸದ್ದು ಏನು ಅಂತ ಕೇಳಿದೆ. ಚಿಕ್ಕಮ್ಮ ಗಡಗಡ ಅಂದರು. ಮಂಡಿಗೆ ಮೂಟೆ ಹೊರುವ ಅಣ್ಣ ಕಟಕಟ ಅಂದ. ನಮ್ಮನೆ ಕಾಯಿ ಸುಲಿಯೋಕೆ ಬರುವ ತಾತ ಒಂದು ಕಾಯಿ ಎತ್ತಿಕೊಂಡು, ಕಣ್ಣು ಮುಚ್ಚಿ, ಮೂರು ಸಲ ಅಲ್ಲಾಡಿಸಿ, 'ಲೊಡಲೊಡ ಅಂತದೆ ನೋಡವ್ವ. ಕಟಕಟ ಅಂದ್ರೆ ಇನ್ನೂ ಎಲ್ಲೋ ಚಿಪ್ಪಿಗೆ ಹಿಡ್ಕೊಂಡದೆ ಅಂತ' ಅಂದರು. ಅವರ ಕೈಯಿಂದ ಕಾಯಿ ತೆಗೆದುಕೊಂಡು ನಾನೂ ಅಲ್ಲಾಡಿಸಿದೆ. ಲೊಡಲೊಡ. ಬೇರೆ ಇನ್ಯಾವುದೂ ಅಲ್ಲ.

ಬರೆಯೋಕೂ ಅದೇ ಚೆಂದ. 'ಲೊ' ದುಂಡು, 'ಡ'ಗೆ ಹೊಟ್ಟೆ ಇದೆ. ಕಾಯಿ ಬಿಡಿಸಿದ ಪೆನ್ನಿನಲ್ಲೇ, ಅದೇ ದಪ್ಪದ ಗೆರೆಯಲ್ಲಿ, ಅಜ್ಜಿಯ ಕೈ ಮತ್ತು ಕಿವಿಯ ನಡುವೆ ಬರೆದೆ. ಸದ್ದನ್ನು ನಾನು ಯಾವತ್ತೂ ಕೊನೆಗೆ ಮೇಲಿಂದ ಅಂಟಿಸುವುದಿಲ್ಲ. ಪೆನ್ಸಿಲ್ಲಿನ ಹಂತದಲ್ಲೇ ಅದೂ ಒಂದು ಪಾತ್ರದ ಹಾಗೆ ಬಂದು ನಿಲ್ಲಬೇಕು.

ಕಂಪ್ಯೂಟರಿನ ಕಷ್ಟ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಪರಿಹಾರ ಸುಲಭ, ಗೊತ್ತಿಲ್ಲದವರು ಮಾತ್ರ ವಾರಗಟ್ಟಲೆ ಒದ್ದಾಡುತ್ತಾರೆ. ಫೋಟೋಶಾಪಿನಲ್ಲಿ ಮೊದಲ ಸಲ 'ಅಜ್ಜಿ' ಅಂತ ಟೈಪ್ ಮಾಡಿದರೆ 'ಅಜ್‌ಜಿ' ಅಂತ ಬಂತು. ಒತ್ತೆಲ್ಲ ಕಳಚಿ ಸಾಲಾಗಿ ನಿಂತಿತ್ತು. ಹಳೇ ಆವೃತ್ತಿಗಳಲ್ಲಿ, ಪ್ರೆಫರೆನ್ಸಸ್‌ನಲ್ಲಿ ಟೈಪ್ ಅನ್ನುವ ಕಡೆ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇರುತ್ತದೆ. ಆಮೇಲಿನ ಕೆಲವು ಆವೃತ್ತಿಗಳಲ್ಲಿ ವರ್ಲ್ಡ್ ರೆಡಿ ಲೇಔಟ್ ಅಂತ ಇರುತ್ತದೆ. ಅದನ್ನು ಹಾಕಿಕೊಂಡರೆ ಸರಿಹೋಗುತ್ತದೆ. ದುಡ್ಡು ಕೊಡದೆ ಸಿಗುವ ಇಂಕ್‌ಸ್ಕೇಪ್‌ನಲ್ಲಿ ನನಗೆ ಈ ತೊಂದರೆ ಬರಲಿಲ್ಲ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಫಾಂಟಿನ ಜಾಗಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಫಾಂಟೇ ಬೇಕು ಅನ್ನುವವರಿಗೆ ಗುಬ್ಬಿ, ನವಿಲು, ಬಲೂ ತಮ್ಮ ಇವೆಲ್ಲ ಉಚಿತ. ನವಿಲಿನಲ್ಲಿ ಕೈಬರಹದ ಗುಣ ಇದೆ, ನಿರೂಪಣೆಯ ಪಟ್ಟಿಗಳಿಗೆ ನಾನು ಅದನ್ನೇ ಬಳಸಿದೆ. ಪಾತ್ರಗಳ ಮಾತು ಮಾತ್ರ ಪೂರ್ತಿ ಕೈಯಲ್ಲೇ ಬರೆದೆ. ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಅದರ ಮೇಲೆ ಅಕ್ಷರ ಬರೆದು, ಬೇರೆಯಾಗಿ ಸ್ಕ್ಯಾನ್ ಮಾಡಿದೆ. ಮಾತು ತಿದ್ದಬೇಕಾದರೆ ಚಿತ್ರ ಮುಟ್ಟಬೇಕಾಗಿಲ್ಲ ಅನ್ನುವ ಅನುಕೂಲ ಇದೆ.

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎರಡು ಪಾಠ ಕಲಿತೆ, ಎರಡಕ್ಕೂ ದುಡ್ಡು ಕಟ್ಟಿದೆ. ಮೊದಲ ಪ್ರೂಫಿನಲ್ಲಿ ನಿರೂಪಣೆಯ ಪಟ್ಟಿಗಳೆಲ್ಲ ಬೇರೆ ಫಾಂಟಿಗೆ ತಿರುಗಿ, ಒತ್ತುಗಳು ಪಕ್ಕಕ್ಕೆ ಸರಿದಿದ್ದವು. ಫೈಲ್ ಕೊಡುವ ಮೊದಲು ಅಕ್ಷರವನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಕಿಲ್ಲದ ಬರೀ ಆಕಾರವಾಗಿ ಬದಲಾಯಿಸಿ, ಕೊಡಬೇಕು, ಅವರು ಕೇಳದಿದ್ದರೂ. ಎರಡನೆಯದು ಕಪ್ಪು ಬಣ್ಣ. ನನ್ನ ಅಕ್ಷರದ ಕಪ್ಪಿನಲ್ಲಿ ಮುದ್ರಣದ ನಾಲ್ಕೂ ಬಣ್ಣ ಸೇರಿಕೊಂಡಿತ್ತು. ರಿಜಿಸ್ಟರ್, ಅಂದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರುವುದು, ಒಂದು ಕೂದಲೆಳೆ ತಪ್ಪಿದರೂ ಸಣ್ಣ ಒತ್ತುಗಳ ಸುತ್ತ ಕೆಂಪು ನೀಲಿ ನೆರಳು ಬರುತ್ತದೆ. ಅಕ್ಷರಕ್ಕೆ ಬರೀ ಕಪ್ಪು ಪ್ಲೇಟ್ ಒಂದೇ ಇರಬೇಕು. ಇನ್ನು ನಡುವೆ ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು, ಸುತ್ತಲೂ ಕತ್ತರಿಸೋಕೆ 3 ಮಿಲಿಮೀಟರ್ ಚಿತ್ರ ಜಾಸ್ತಿ ಬಿಡಬೇಕು. ಇವು ನಿಮಗೂ ಗೊತ್ತಿರುತ್ತವೆ.

ಪುಸ್ತಕ ಡಿಸೆಂಬರ್ ಕೊನೆಗೆ ಕೈಗೆ ಬಂತು. ಜನವರಿಯ ಚಿತ್ರಸಂತೆಯಲ್ಲಿ, ಕುಮಾರ ಕೃಪಾ ರಸ್ತೆಯಲ್ಲಿ, ಗೆಳತಿಯೊಬ್ಬಳ ಪೇಂಟಿಂಗುಗಳ ಪಕ್ಕ ಒಂದು ಸಣ್ಣ ಮೇಜು ಹಾಕಿಕೊಂಡು ಕೂತೆ. ಒಬ್ಬ ಹುಡುಗ, ಎಂಟು ವರ್ಷ ಇರಬಹುದು, ಪುಸ್ತಕ ತೆರೆದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಹನ್ನೊಂದನೇ ಪುಟಕ್ಕೆ ಬಂದಾಗ ಅವನ ಬೆರಳು ದೀರ್ಘದ ಬಾಲ ಹಿಡಿದು ಏಣಿ ಇಳಿಯಿತು. ಬೆರಳು ಕೆಳಗೆ ಮುಟ್ಟುವವರೆಗೂ ಅವನು 'ಅಜ್ಜೀ' ಅಂತ ಎಳೆದ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಅವನಮ್ಮ ಸುಮ್ನಿರು ಅಂದರು. ಸುಮ್ಮನಿರಬೇಡ ಕಂದ, ಇನ್ನೊಂದು ಸಲ ಓದು ಅಂತ ನಾನೇ ಹೇಳಿದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಪ್ಪನಿಗೆ ಒಂದು ಪ್ರತಿ ಕೊಟ್ಟೆ. ಜಗಲಿಯಲ್ಲಿ ಕೂತು, ಕನ್ನಡಕ ಹಾಕಿ, ಮೇಲೆ ಭೂತಗನ್ನಡಿ ಬೇರೆ ಹಿಡಿದು ನೋಡಿದರು. ಕತೆ ಓದುತ್ತಿರಲಿಲ್ಲ, ಅಕ್ಷರ ನೋಡುತ್ತಿದ್ದರು. ಒಂದೊಂದು ಬಲೂನಿನ ಕೆಳಗೂ ಬೆರಳು ಓಡಿಸುತ್ತಿದ್ದರು. ನಾನು ಎಳ್ಳು ಬೆಲ್ಲದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಹದಿನೇಳನೇ ಪುಟದಲ್ಲಿ ಬೆರಳು ನಿಂತಿತು. ಅಲ್ಲಿ ಹುಡುಗ 'ಹುಷಾರು ಅಜ್ಜಿ, ಮೆಟ್ಲು ಅಲ್ಲಾಡ್ತಿದೆ' ಅನ್ನುತ್ತಾನೆ. 'ಮೆಟ್ಲು'ವಿನ ಒತ್ತು ಬಲೂನಿನ ಗೆರೆಗೆ ತಾಗಿತ್ತು.

'ಇದೊಂದು ಗೋಡೆಗೆ ಒರಗದೆ ನೋಡು ಪುಟ್ಟಿ' ಅಂದರು.

ಆಮೇಲೆ ಮೊದಲ ಪುಟಕ್ಕೆ ತಿರುಗಿಸಿ ಕತೆ ಓದೋಕೆ ಶುರು ಮಾಡಿದರು. ಎರಡನೇ ಮುದ್ರಣದಲ್ಲಿ ಆ ಬಲೂನಿನ ಗೆರೆಯನ್ನು ಎರಡು ಮಿಲಿಮೀಟರ್ ಕೆಳಗೆ ಇಳಿಸಿದ್ದೇನೆ.